ಮನೆಯ ನಂಬರ್, ಮಾರುಕಟ್ಟೆಯ ನಂಬರ್

ಔಷಧಿ ಅಂಗಡಿಯಿಂದ ಹಿಡಿದು ಬಟ್ಟೆ ಮಳಿಗೆಯ ವರೆಗೆ ಇಂದು ಎಲ್ಲಿ ಹೋದರೂ ಬಿಲ್ ಬರೆಯುವ ಮೊದಲು ಕೇಳಲಾಗುವುದು ಮೊಬೈಲ್ ನಂಬರ್. ಕೇಳುವವರಿಗೆ ಸಂಕೋಚವಿಲ್ಲ, ಕೊಡುವವರಿಗೆ ಯೋಚನೆಯಿಲ್ಲ. ಸರದಿಯಲ್ಲಿ ನಿಂತವರೆಲ್ಲರ ಎದುರು ನಮ್ಮ ಮನೆಯ ಹೆಣ್ಣುಮಕ್ಕಳು ಆ ಹತ್ತು ಅಂಕಿಗಳನ್ನು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಬ್ಯಾಂಕ್ ಖಾತೆ, ಆಧಾರ್, ಅಡುಗೆ ಅನಿಲ, ಮಕ್ಕಳ ಶಾಲೆ ಎಲ್ಲವೂ ಅದೇ ಅಂಕಿಗಳೊಂದಿಗೆ ಜೋಡಿಸಲ್ಪಟ್ಟಿರುವಾಗ ಇದನ್ನು ಕ್ಷುಲ್ಲಕ ವಿಷಯವೆಂದು ತಳ್ಳಿ ಹಾಕಲಾದೀತೇ?

ರೀಚಾರ್ಜ್‌ಗೆಂದು ಬಂದ ಯುವತಿಯರ ನಂಬರುಗಳನ್ನು ಕೆಲವು ಅಂಗಡಿಯವರು ಹಣಕ್ಕೆ ಮಾರುತ್ತಿದ್ದಾರೆಂಬ ವರದಿ 2017ರಲ್ಲಿ ಉತ್ತರ ಪ್ರದೇಶದಿಂದ ಬಂದಿತ್ತು. ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಗ್ರಾಹಕರ ಮೊಬೈಲ್ ನಂಬರಿಗಾಗಿ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯವು 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚಿಸಿತು. ಆದರೆ ನ್ಯಾಯಾಲಯ ಮತ್ತು ಸರಕಾರ ಕೊಟ್ಟ ರಕ್ಷಣೆಯನ್ನು ಬಳಸಿಕೊಳ್ಳುವ ಹೊಣೆ ನಮ್ಮದೇ. ನಂಬರ್ ಕೊಡಲಾರೆ ಎಂದು ವಿನಯದಿಂದ ಹೇಳುವುದು ಮೊದಲ ಹೆಜ್ಜೆ. ಕೊಡಲೇಬೇಕಾದಲ್ಲಿ ಬೇರೆಯೇ ನಂಬರ್ ಇಟ್ಟುಕೊಳ್ಳುವುದು ಎರಡನೆಯದು.

ಅಲ್ಪಕಾಲದ ಬಳಕೆಗೆ ಪ್ರತ್ಯೇಕ ನಂಬರ್ ಎಂದೊಡನೆ ಅದು ಕಳ್ಳರ ಉಪಾಯವೆಂದು ಭಾವಿಸಬೇಕಿಲ್ಲ. ಅನೇಕ ಟ್ಯಾಕ್ಸಿ ಆ್ಯಪ್‌ಗಳಲ್ಲಿ ಚಾಲಕ ಮತ್ತು ಪ್ರಯಾಣಿಕರ ಕರೆಗಳು ನಡುವಣ ಒಂದು ನಂಬರಿನ ಮೂಲಕ ಸಾಗುತ್ತವೆ. ಪ್ರಯಾಣ ಮುಗಿದ ಮೇಲೆ ಒಬ್ಬರ ನಂಬರ್ ಮತ್ತೊಬ್ಬರಲ್ಲಿ ಉಳಿಯುವುದಿಲ್ಲ. ಈ ವಿವೇಕವನ್ನು ನಾವೂ ಪಾಲಿಸಬಹುದು. ಹಳೆಯ ಬೈಕ್ ಮಾರುವಾಗ, ಮನೆ ಬಾಡಿಗೆಗಿದೆ ಎಂಬ ಫಲಕ ಹಾಕುವಾಗ, ಮಗಳ ವಿವಾಹ ಸಂಬಂಧಕ್ಕಾಗಿ ಜಾಹೀರಾತು ನೀಡುವಾಗ ಅದಕ್ಕೆಂದೇ ಒಂದು ಸಿಮ್ ಇದ್ದರೆ, ಕೆಲಸ ಮುಗಿದ ಮೇಲೆ ಅಪರಿಚಿತರ ಕರೆಗಳೂ ಮುಗಿಯುತ್ತವೆ. ಎರಡು ಸಿಮ್ ಹಾಕಬಹುದಾದ ಫೋನ್ ಈಗ ಸಾಮಾನ್ಯವಾಗಿರುವುದರಿಂದ ಇನ್ನೊಂದು ಫೋನಿನ ಖರ್ಚೂ ಇಲ್ಲ.

ಸಣ್ಣ ವ್ಯಾಪಾರಿಗಳಿಗಂತೂ ಇದು ಹೆಚ್ಚು ಉಪಯುಕ್ತ. ಹಬ್ಬದ ಸೀಸನ್ನಿನ ವ್ಯಾಪಾರಕ್ಕೆ ಬೇರೆ ನಂಬರ್ ಇದ್ದರೆ ಆರ್ಡರುಗಳು ಮನೆಯ ಕರೆಗಳೊಂದಿಗೆ ಬೆರೆಯುವುದಿಲ್ಲ. ಒಂದು ಜಾಹೀರಾತಿಗೆ ಒಂದು, ಇನ್ನೊಂದಕ್ಕೆ ಮತ್ತೊಂದು ನಂಬರ್ ನೀಡಿದರೆ ಯಾವುದರಿಂದ ಗಿರಾಕಿಗಳು ಬಂದರೆಂಬುದು ತಿಳಿಯುತ್ತದೆ. ಮನೆಯಿಂದಲೇ ಹೊಲಿಗೆ ಅಥವಾ ತಿಂಡಿಯ ವ್ಯಾಪಾರ ನಡೆಸುವ ಮಹಿಳೆಯು ರಾತ್ರಿ ಆ ಸಿಮ್ಮನ್ನು ನಿಷ್ಕ್ರಿಯಗೊಳಿಸಿ ನೆಮ್ಮದಿಯಿಂದಿರಬಹುದು.

ಆದರೆ ಇದಕ್ಕೆ ಕೆಲವು ಮೇರೆಗಳಿವೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಅನೇಕ ತಾತ್ಕಾಲಿಕ ನಂಬರುಗಳಿಗೆ ಬರುವ ಸಂದೇಶಗಳನ್ನು ಯಾರು ಬೇಕಾದರೂ ಓದಬಹುದು. ಅವುಗಳಿಗೆ ಬ್ಯಾಂಕಿನ ಅಥವಾ ಆಧಾರಿನ ಓಟಿಪಿ ತರಿಸಿಕೊಳ್ಳುವುದೆಂದರೆ ತಿಜೋರಿಯ ಕೀಲಿಯನ್ನು ಬೀದಿಯಲ್ಲಿಟ್ಟಂತೆ. ಇನ್ನು, ರದ್ದಾದ ಮೊಬೈಲ್ ನಂಬರನ್ನು ಕನಿಷ್ಠ 90 ದಿನಗಳ ಬಳಿಕ ಬೇರೆಯವರಿಗೆ ಕೊಡಲಾಗುತ್ತದೆ. 2023ರಲ್ಲಿ ಸುಪ್ರೀಮ್ ಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ ಇದು ಸ್ಪಷ್ಟವಾಗಿದೆ. ಆದ್ದರಿಂದ ಖಾತೆಗಳಿಗೆ ಜೋಡಿಸುವ ನಂಬರ್ ಸದಾ ಶಾಶ್ವತವಾದದ್ದೇ ಆಗಿರಬೇಕು. ತಾತ್ಕಾಲಿಕ ನಂಬರನ್ನು ಬಿಡುವ ಮುನ್ನ ಅದರ ವಾಟ್ಸ್‌ಆ್ಯಪ್ ಖಾತೆಯನ್ನು ಅಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಸಿಮ್ ನಮ್ಮದೇ ಹೆಸರಿನಲ್ಲಿರಬೇಕು. ಒಬ್ಬರಿಗೆ 9 ಸಂಪರ್ಕಗಳ ವರೆಗೆ ಅವಕಾಶವಿದೆ. ಜಮ್ಮು-ಕಾಶ್ಮೀರ, ಅಸ್ಸಾಮ್ ಮತ್ತು ಈಶಾನ್ಯ ರಾಜ್ಯಗಳಲ್ಲಿ 6. ವಂಚನೆಯಿಂದ ಅಥವಾ ಬೇರೆಯವರ ಸೋಗಿನಲ್ಲಿ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಂತೆ 3 ವರ್ಷಗಳ ವರೆಗೆ ಜೈಲು, 50 ಲಕ್ಷ ರೂಪಾಯಿಯ ವರೆಗೆ ದಂಡ ಅಥವಾ ಇವೆರಡೂ ಆಗಬಹುದು. ಕೆಲವು ನೂರು ರೂಪಾಯಿಗಳ ಆಸೆಗೆ ತನ್ನ ಹೆಸರಿನ ಸಿಮ್ಮನ್ನು ಅಪರಿಚಿತರಿಗೆ ಕೊಡುವ ಯುವಕನು, ನಾಳೆ ಅದರಿಂದ ವಂಚನೆ ನಡೆದರೆ ಪೊಲೀಸರು ಮೊದಲು ತನ್ನ ಮನೆಯ ಬಾಗಿಲನ್ನೇ ತಟ್ಟುತ್ತಾರೆಂದು ಅರಿತಿರಬೇಕು. ಮುಂಗಡ ಪಡೆದು ಫೋನ್ ಆಫ್ ಮಾಡುವ ವ್ಯಾಪಾರಿಯ ಕೈಯಲ್ಲೂ ತಾತ್ಕಾಲಿಕ ನಂಬರೇ ಇರುತ್ತದೆ. ನಂಬರ್ ತಾತ್ಕಾಲಿಕವಾಗಿರಬಹುದು, ಮಾತು ತಾತ್ಕಾಲಿಕವಾಗಬಾರದು.

ಈ ವಾರ ಮನೆಯವರೆಲ್ಲ ಕುಳಿತು ಎರಡು ಕೆಲಸಗಳನ್ನು ಮಾಡಲಿ. ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆಯೆಂದು ನೋಡಿ, ತಮ್ಮದಲ್ಲದ್ದರ ಬಗ್ಗೆ ಅಲ್ಲಿಯೇ ದೂರು ನೀಡಲಿ. ಬ್ಯಾಂಕಿಗೂ ಮನೆಗೂ ಯಾವ ನಂಬರ್, ಮಾರುಕಟ್ಟೆಗೆ ಯಾವ ನಂಬರ್ ಎಂದು ನಿರ್ಧರಿಸಿ ಮಕ್ಕಳಿಗೂ ತಿಳಿಸಲಿ. ಬೀದಿಯ ಬಾಗಿಲನ್ನು ರಾತ್ರಿ ಭದ್ರಪಡಿಸಿ ಮಲಗುವ ನಾವು ಈ ಬಾಗಿಲಿನ ಕಡೆಗೂ ಗಮನ ಹರಿಸಬೇಕಾಗಿದೆ.