ಗಂತಿಯ ಕಳ್ಳಗಾಲುವೆ

ಸಾಸಿವೆ ಕಾಳಿನ ಗಾತ್ರದ ಕ್ಯಾನ್ಸರ್ ಗಂತಿಯೊಂದು ದೇಹದೊಳಗೆ ವರ್ಷಗಟ್ಟಲೆ ಸುಮ್ಮನಿರಬಲ್ಲದೆಂದರೆ ಓದುಗರಿಗೆ ಸೋಜಿಗವೆನಿಸೀತು. ಕ್ಯಾನ್ಸರ್ ಎಂದೊಡನೆ ನೆನಪಾಗುವುದು ಅಂಕೆಯಿಲ್ಲದ ಬೆಳವಣಿಗೆ. ಆದರೆ ಬೆಳೆಯುವುದಕ್ಕೆ ಅನ್ನ ಬೇಕು, ಉಸಿರು ಬೇಕು. ಎರಡೂ ಬರಬೇಕಾದುದು ರಕ್ತದಿಂದ. ರಕ್ತನಾಳದಿಂದ ಆಮ್ಲಜನಕವು ಒಸರಿ ಹೋಗಬಲ್ಲ ದೂರವೋ ಮಿಲಿಮೀಟರಿನ ಐದನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಅದರಾಚೆಯ ಜೀವಕೋಶಗಳಿಗೆ ಉಪವಾಸವೇ ಗತಿ.

1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾದಳದ ಸೇವೆಯಲ್ಲಿದ್ದ ತರುಣ ಶಸ್ತ್ರವೈದ್ಯ ಜೂಡಾ ಫೋಕ್‌ಮನ್, ಸಹೋದ್ಯೋಗಿ ಫ್ರೆಡರಿಕ್ ಬೆಕರ್ ಅವರೊಡನೆ, ದೂರಯಾನದ ಹಡಗುಗಳಿಗಾಗಿ ಕೃತಕ ರಕ್ತವನ್ನು ಹುಡುಕುತ್ತಿದ್ದರು. ದೇಹದಿಂದ ಬೇರ್ಪಡಿಸಿದ ಥೈರಾಯ್ಡ್ ಗ್ರಂಥಿಯನ್ನು ಹೀಮೋಗ್ಲೋಬಿನ್ ದ್ರಾವಣದಿಂದ ಜೀವಂತವಾಗಿರಿಸಿ, ಅದರಲ್ಲಿ ಇಲಿಯ ಕ್ಯಾನ್ಸರ್ ಕೋಶಗಳನ್ನು ನೆಟ್ಟರು. ಗಂತಿ ಒಂದೆರಡು ಮಿಲಿಮೀಟರು ಬೆಳೆದು ನಿಂತುಬಿಟ್ಟಿತು. ಸತ್ತಿತೇ? ಇಲ್ಲ. ಇಲಿಯ ಮೈಗೆ ಮರಳಿಸಿದೊಡನೆ ಭರದಿಂದ ಬೆಳೆಯಿತು. ಅಲ್ಲಿ ಅದಕ್ಕೆ ಹೊಸ ರಕ್ತನಾಳಗಳು ದೊರೆತಿದ್ದವು.

ಗಂತಿಯು ತಾನೇ ಒಂದು ರಾಸಾಯನಿಕವನ್ನು ಸೂಸಿ, ನೆರೆಯ ನಾಳಗಳಿಂದ ತನ್ನೆಡೆಗೆ ಕವಲೊಡೆಸಿಕೊಳ್ಳುತ್ತದೆ, ಕೆರೆಯ ನೀರಿಗೆ ಕಳ್ಳಗಾಲುವೆ ತೋಡಿದಂತೆ. ಆ ಕಾಲುವೆಯನ್ನು ಕಟ್ಟಿದರೆ ಗಂತಿ ಬೆಳೆಯಲಾರದು ಎಂದು ಫೋಕ್‌ಮನ್ 1971ರಲ್ಲಿ ಬರೆದರು. ಪಂಡಿತರು ಒಪ್ಪಲಿಲ್ಲ, ಆ ನಾಳಗಳು ಬರಿಯ ಉರಿಯೂತದ ಫಲವೆಂದರು. ಅವರನ್ನು ದೂರುವಂತೆಯೂ ಇಲ್ಲ. ಪ್ರಯೋಗಶಾಲೆಗೆ ಬರುವ ಗಂತಿ ರಕ್ತ ಬಸಿದು ಬಿಳಿಚಿಕೊಂಡಿರುತ್ತದೆ. ಅದು ರಕ್ತದಲ್ಲಿ ಮುಳುಗಿರುವುದನ್ನು ಕಾಣುವವನು ಶಸ್ತ್ರವೈದ್ಯನೊಬ್ಬನೇ. 1974ರಲ್ಲಿ ಫೋಕ್‌ಮನ್ನರ ತಂಡವು ರಕ್ತನಾಳಗಳೇ ಇಲ್ಲದ ಮೊಲದ ಕಣ್ಣಿನ ಪಾರದರ್ಶಕ ಪೊರೆಯಲ್ಲಿ ಗಂತಿಯ ಚೂರನ್ನಿಟ್ಟು ನೋಡಿತು. ಅಂಚಿನಿಂದ ನಾಳಗಳು ನೇರವಾಗಿ ಅದರತ್ತ ಹರಿದು ಬಂದವು!

1989ರಲ್ಲಿ ನೆಪೋಲಿಯೋನ್ ಫೆರಾರಾ ಅವರು ಅಂಥ ಕರೆ ಕಳುಹಿಸುವ ಪ್ರೋಟೀನೊಂದನ್ನು ಬೇರ್ಪಡಿಸಿದರು. ಗರ್ಭದ ಶಿಶುವನ್ನು ಬೆಳೆಸಲು, ಗಾಯವನ್ನು ಮಾಯಿಸಲು ದೇಹವೇ ಬಳಸುವ ಪ್ರೋಟೀನು ಅದು. ಗಂತಿ ಅದನ್ನೇ ತನ್ನ ಚಾಕರಿಗೆ ಹಚ್ಚಿತ್ತು. ಅದನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2004ರಲ್ಲಿ. ಹಬ್ಬಿದ ಕರುಳಿನ ಕ್ಯಾನ್ಸರಿನ ರೋಗಿಗಳಿಗೆ ಇತರ ಔಷಧಗಳೊಡನೆ ಅದನ್ನು ಕೊಟ್ಟಾಗ ದಕ್ಕಿದ ಹೆಚ್ಚಿನ ಆಯುಸ್ಸು ಸುಮಾರು ನಾಲ್ಕೈದು ತಿಂಗಳು. ಒಂದು ಕಾಲುವೆ ಮುಚ್ಚಿದರೆ ಗಂತಿ ಮತ್ತೊಂದನ್ನು ತೋಡಿಕೊಳ್ಳುತ್ತದೆ. ಆ ತಿಂಗಳುಗಳು ಅಲ್ಪವೇ ಎಂಬುದನ್ನು ರೋಗಿಯ ಮನೆಯವರೇ ಹೇಳಬೇಕು.

ಫೋಕ್‌ಮನ್ 2008ರಲ್ಲಿ ತೀರಿಕೊಂಡರು. ವಯಸ್ಸಾದವರ ಅಕ್ಷಿಪಟಲದಡಿಯಲ್ಲಿ ಬೇಡದ ರಕ್ತನಾಳಗಳು ಚಿಗುರಿ ದೃಷ್ಟಿ ಮಸುಕಾದಾಗ, ವೈದ್ಯರು ಇಂದು ಅದೇ ಔಷಧವನ್ನು ಕಣ್ಣೊಳಗೆ ಚುಚ್ಚುತ್ತಾರೆ. ಹಲವರು ಮತ್ತೆ ವೃತ್ತಪತ್ರಿಕೆ ಓದುತ್ತಿದ್ದಾರೆ.