ಮಾರುಕಟ್ಟೆಯೊಂದೇ ಕಟ್ಟಿದ್ದಲ್ಲ

ಯುದ್ಧಾನಂತರ ಜರ್ಮನಿ, ಕೊರಿಯಾಗಳನ್ನು ಮೇಲೆತ್ತಿದ್ದು ಮುಕ್ತ ಮಾರುಕಟ್ಟೆ ಮಾತ್ರ ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ಒಪ್ಪಲಾರೆ. 1953ರ ಲಂಡನ್ ಒಪ್ಪಂದ ಪಶ್ಚಿಮ ಜರ್ಮನಿಯ ಸಾಲದಲ್ಲಿ ಸುಮಾರು ಅರ್ಧವನ್ನೇ ಮನ್ನಾ ಮಾಡಿತು. ಉಳಿದದ್ದಕ್ಕೆ ದಶಕಗಳ ಕಾಲಾವಕಾಶ. ಕಂತು ಕಟ್ಟಬೇಕಾದದ್ದು ರಫ್ತಿನ ಗಳಿಕೆಯಿಂದ. ಅಂದರೆ, ಸಾಲ ಮರಳಿ ಬರಬೇಕಾದರೆ ಕೊಟ್ಟವರೇ ಜರ್ಮನಿಯ ಸರಕು ಕೊಳ್ಳಬೇಕಿತ್ತು. ಸಹಿ ಹಾಕಿದವರಲ್ಲಿ ನಾಜಿಗಳ ಕೈಯಲ್ಲಿ ನಲುಗಿದ್ದ ಗ್ರೀಸ್ ಕೂಡ ಇತ್ತು. ಲೇಖಕರು ಈ ಸಾಲಮನ್ನಾವನ್ನು ಮರೆಯಬಾರದಿತ್ತು. ದಕ್ಷಿಣ ಕೊರಿಯಾದಲ್ಲೂ 1961ರ ನಂತರ ಬ್ಯಾಂಕುಗಳು ಸರ್ಕಾರದ ಹಿಡಿತಕ್ಕೆ ಬಂದವು, ರಫ್ತುದಾರರಿಗೆ ಅಗ್ಗದ ಸಾಲ ಸಿಕ್ಕಿತು.

ಜರ್ಮನಿಗೆ ಸಿಕ್ಕ ರಿಯಾಯಿತಿ ಎಲ್ಲರಿಗೂ ಸಿಗಲಿಲ್ಲ. 1982ರಲ್ಲಿ ಮೆಕ್ಸಿಕೊ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಅದಕ್ಕೆ ಸಿಕ್ಕಿದ್ದು ಹೊಸ ಸಾಲ, ಜೊತೆಗೆ ಖರ್ಚು ಕಡಿತದ ಷರತ್ತು. ಸಾಲದ ಹೊರೆ ಇಳಿಸುವ ಮಾತು ಬರಲು 1989ರ ಬ್ರಾಡಿ ಯೋಜನೆಯವರೆಗೆ ಕಾಯಬೇಕಾಯಿತು.