ಮಾತಿನ ಹದ ಮೀರಬಾರದು

ಎರಡು ವರ್ಷ ತುಂಬಿದ ಮಗುವು ಎರಡು ಮಾತು ಕೂಡಿಸಿ ಆಡದಿದ್ದರೆ, "ಕೆಲವರಿಗೆ ಮಾತು ತಡ, ತಾನಾಗಿ ಬರುತ್ತದೆ" ಎಂದು ಹಿರಿಯರು ಸಮಾಧಾನ ಹೇಳುವುದು ನಮ್ಮಲ್ಲಿ ವಾಡಿಕೆ. ಹಾಗೆ ಬರುವುದೂ ಉಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಾವ ಮಗುವಿಗೆ ಬಂದೀತು, ಯಾವುದಕ್ಕೆ ಬಾರದು ಎಂಬುದನ್ನು ಪರೀಕ್ಷೆಯಿಲ್ಲದೆ ನಿಶ್ಚಯಿಸಬಲ್ಲವರಾರು? ಕಿವಿ ಕೇಳದ ಮಗುವಿನ ವಿಷಯದಲ್ಲಂತೂ ಕಾಯುವುದೆಂದರೆ ಕಳೆದುಕೊಳ್ಳುವುದೇ ಸರಿ.

ಅಮೆರಿಕದ ಕೊಲೊರಾಡೊ ಪ್ರಾಂತದ ಮಕ್ಕಳನ್ನು ಕುರಿತು ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಶೋಧನೆಯು ಮನನೀಯವಾದುದು. ಶ್ರವಣದೋಷವು 6 ತಿಂಗಳೊಳಗೆ ಗೊತ್ತಾದ 72 ಮಕ್ಕಳನ್ನೂ, ಆಮೇಲೆ ಗೊತ್ತಾದ 78 ಮಕ್ಕಳನ್ನೂ ಹೋಲಿಸಿ ನೋಡಲಾಗಿ, ಮೊದಲಿನವರ ಭಾಷಾಶಕ್ತಿಯು ಸ್ಪಷ್ಟವಾಗಿ ಮೇಲಾಗಿದ್ದಿತು. ದೋಷವು ಗೊತ್ತಾದೊಡನೆ ಶಿಕ್ಷಣವನ್ನಾರಂಭಿಸಿದುದರ ಫಲವಿದು.

ನಮ್ಮಲ್ಲಿ ಸಾಧನಗಳಿಲ್ಲವೆಂದಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ನಡೆಯುತ್ತಲಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಜಿಲ್ಲೆಗಳಲ್ಲಿ ಶೀಘ್ರ ಚಿಕಿತ್ಸಾ ಕೇಂದ್ರಗಳನ್ನು ವಿಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾನೂನು ವರ್ಷಕ್ಕೊಮ್ಮೆಯಾದರೂ ಮಕ್ಕಳೆಲ್ಲರ ತಪಾಸಣೆಯಾಗತಕ್ಕದ್ದೆನ್ನುತ್ತದೆ. ಆದರೆ ಅದೇ ಕಾನೂನು ಉಚಿತ ವಿದ್ಯೆಯ ಹಕ್ಕನ್ನು 6ನೆಯ ವರ್ಷದಿಂದ ಕೊಡುತ್ತದೆ. ಭಾಷೆಯು ಬೇರೂರುವುದೋ ಅದಕ್ಕೂ ಮೊದಲು!

ಇನ್ನೊಂದು ತೊಡಕುಂಟು. ವಾರಕ್ಕೊಮ್ಮೆ ಅರ್ಧ ಗಂಟೆಯ ಚಿಕಿತ್ಸೆಯಿಂದಲೇ ಮಾತು ಬಾರದು. ಉಣ್ಣುವಾಗ, ಮೀಯುವಾಗ, ಆಡುವಾಗ ದಿನವೆಲ್ಲ ಅಭ್ಯಾಸ ನಡೆಯಬೇಕು. ಅದಕ್ಕಾಗಿ ಮೊದಲು ತಾಯಿತಂದೆಗಳೇ ತರಬೇತು ಪಡೆಯಬೇಕು. ಕೂಲಿ ಮಾಡುವ ತಾಯಿಯು ಜಿಲ್ಲಾ ಕೇಂದ್ರಕ್ಕೆ ಹೋದರೆ ಅಂದಿನ ಕೂಲಿಯೂ ಹೋಯಿತು, ಬಸ್ಸಿನ ಹಣವೂ ಹೋಯಿತು. ಇಂಥವಳು ನಾಲ್ಕನೆಯ ಬಾರಿ ಬರದಿದ್ದರೆ ಅದನ್ನು ಅಲಕ್ಷ್ಯವೆನ್ನುವುದು ನ್ಯಾಯವಲ್ಲ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಹೆರಿಗೆಯಾದಲ್ಲಿಯೇ ಶಿಶುವಿನ ಕಿವಿಯ ಪರೀಕ್ಷೆಯಾಗಲಿ, ಮಗುವಿನ ತೂಕವನ್ನು ಬರೆದಿಡುವ ಅಂಗನವಾಡಿಯು ಅದರ ಮಾತನ್ನೂ ವಿಚಾರಿಸಿ ಬರೆದಿಡಲಿ, ವಾಕ್ ಚಿಕಿತ್ಸಕರು ಗೊತ್ತಾದ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಬರಲಿ, ಬಡ ತಾಯಂದಿರಿಗೆ ಪ್ರಯಾಣದ ವೆಚ್ಚವು ದೊರೆಯಲಿ. ಓದುಬರಹ ಬಲ್ಲ ಮಹಾಜನರೂ ನೆರೆಮನೆಯ ಮಗುವನ್ನು ಕಂಡು "ತಾನಾಗಿ ಬರುತ್ತದೆ" ಎನ್ನುವುದನ್ನು ಬಿಟ್ಟು, "ಒಮ್ಮೆ ತೋರಿಸಿ" ಎನ್ನಲಿ.

ತಡವಾದ ಚಿಕಿತ್ಸೆಯು ವ್ಯರ್ಥವೆಂದು ನಮ್ಮ ಮತವಲ್ಲ. ಹದ ಮೀರಿದ ಮೇಲೂ ರೈತನು ಬಿತ್ತುತ್ತಾನೆ; ಆದರೆ ಹದವಿದ್ದಾಗ ಬೀಜವನ್ನು ಕಣಜದಲ್ಲಿಟ್ಟು ಕುಳಿತವನನ್ನು ಯಾರೂ ಜಾಣನೆನ್ನರು.